ರೇಷನ್ ಕಾರ್ಡು, ರೆಫರಲ್ ಚೀಟಿ, ಮುಂಜಾನೆಯ ಬಸ್ಸು: ದವಾಖಾನಿಯಲ್ಲಿ ಚಿಕಿತ್ಸೆ ಕೈಗೆ ಸಿಗಲು ಏನೇನು ಮಾಡಬೇಕು

ಗದಗಿನಿಂದ ಹುಬ್ಬಳ್ಳಿಗೆ ಸುಮಾರು 60 ಕಿಲೊಮೀಟರ್, ಹಾವೇರಿಯಿಂದ 75ರ ಆಸುಪಾಸು. ರಸ್ತೆಯಿದೆ, ಬಸ್ಸಿದೆ, ರೈಲಿದೆ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ 1957ರಲ್ಲಿ ಶುರುವಾದ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಬೋರ್ಡಿನ ಮೇಲೆ ಈಗ ಬೇರೆ ಹೆಸರಿದ್ದರೂ ಜನ ಕರೆಯುವುದು ಕಿಮ್ಸ್ ಎಂದೇ. ಗದಗದಲ್ಲಿ ಜಿಮ್ಸ್, ಹಾವೇರಿಯಲ್ಲಿ ಜಿಲ್ಲಾ ಆಸ್ಪತ್ರೆಯ ಜೊತೆಗೆ ಮೆಡಿಕಲ್ ಕಾಲೇಜು, ಧಾರವಾಡದಲ್ಲಿ ಸಿವಿಲ್ ಆಸ್ಪತ್ರೆ ಮತ್ತು ಮನೋರೋಗಕ್ಕೆ ಡಿಮ್ಹಾನ್ಸ್, ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇವೆ. ಇಷ್ಟಿದ್ದರೂ ಎಷ್ಟೋ ರೋಗಿಗಳು ಅರ್ಧ ದಾರಿಯಿಂದ ತಿರುಗಿ ಮನೆಗೆ ಹೋಗುತ್ತಾರೆ. ಹೆಚ್ಚಿನ ಸಲ ಅದಕ್ಕೆ ಕಾರಣ ಡಾಕ್ಟರ್ ಇಲ್ಲದ್ದಲ್ಲ. ಆಧಾರ್‌ನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು ಹೆಸರು ಇರುತ್ತದೆ. ಇಲ್ಲವೇ ಬಂದ ದಿನ ರಜೆ, ಉಂಡು ಬಂದದ್ದಕ್ಕೆ ರಕ್ತ ಪರೀಕ್ಷೆ ನಾಳೆಗೆ. ಅದಕ್ಕೂ ಕೆಟ್ಟದ್ದೆಂದರೆ, ಖಾಸಗಿ ಆಸ್ಪತ್ರೆಯಲ್ಲಿ ಅಡ್ವಾನ್ಸ್ ಕಟ್ಟಿ ಅಡ್ಮಿಟ್ ಆದ ಮೇಲೆ ಮನೆಯಲ್ಲಿ ಬಿಪಿಎಲ್ ಕಾರ್ಡ್ ಇದೆ ಎಂದು ನೆನಪಾಗುವುದು. ಈ ಒಂದೊಂದನ್ನೂ ಮೊದಲೇ ತಪ್ಪಿಸಬಹುದು.

ಮೈ ಗಟ್ಟಿ ಇದ್ದಾಗಲೇ ಮಾಡಿಡುವ ಕೆಲಸ

ಮೊದಲು ರೇಷನ್ ಕಾರ್ಡ್ ತೆಗೆದು ನೋಡಿ. ಮನೆಯಲ್ಲಿ ಇರುವವರೆಲ್ಲರ ಹೆಸರೂ ಅದರಲ್ಲಿ ಇದೆಯೇ? ನಮ್ಮ ಕಡೆ ಎರಡು ಹೆಸರು ಮೇಲಿಂದ ಮೇಲೆ ತಪ್ಪಿರುತ್ತವೆ: ಸೊಸೆಯದು ಮತ್ತು ಸಣ್ಣ ಮಕ್ಕಳದು. ಮದುವೆಯಾಗಿ ನಾಲ್ಕು ವರ್ಷವಾದರೂ ಸೊಸೆಯ ಹೆಸರು ತವರಿನ ಕಾರ್ಡಿನಲ್ಲೇ ಉಳಿದಿರುತ್ತದೆ. ಅಲ್ಲಿ ತೆಗೆಸದೆ ಇಲ್ಲಿ ಸೇರುವುದಿಲ್ಲ. ಸೇರ್ಪಡೆ, ತಿದ್ದುಪಡಿಗಳನ್ನು ಆಹಾರ ಇಲಾಖೆ ವರ್ಷವಿಡೀ ತೆಗೆದುಕೊಳ್ಳುವುದಿಲ್ಲ, ಅವಕಾಶ ಕೊಟ್ಟ ದಿನಗಳಲ್ಲಿ ಮಾತ್ರ ಮಾಡುತ್ತದೆ. ಹಾಗಾಗಿ ಹೆರಿಗೆ ಹತ್ತಿರ ಬಂದಾಗ ಓಡಾಡಿದರೆ ಕೆಲಸ ಆಗುವುದಿಲ್ಲ. ಗ್ರಾಮ ಒನ್ ಕೇಂದ್ರದಲ್ಲಿ ಆಗಾಗ ವಿಚಾರಿಸುತ್ತಿರಿ.

ಮುಂದಿನದು ಆಧಾರ್. ಒಂದರಲ್ಲಿ ಬಸಪ್ಪ, ಇನ್ನೊಂದರಲ್ಲಿ ಬಸವರಾಜ. ಒಂದರಲ್ಲಿ ಹುಟ್ಟಿದ ವರ್ಷ 1958, ಇನ್ನೊಂದರಲ್ಲಿ 1963. ಊರಲ್ಲಿ ಇದರಿಂದ ಏನೂ ತೊಂದರೆ ಆಗಿರುವುದಿಲ್ಲ. ಆಸ್ಪತ್ರೆಯ ಕಂಪ್ಯೂಟರ್ ಮಾತ್ರ ಇವರನ್ನು ಇಬ್ಬರು ಮನುಷ್ಯರು ಎಂದು ತಿಳಿಯುತ್ತದೆ. ಎರಡೂ ಕಾಗದದಲ್ಲಿ ಹೆಸರು, ವಯಸ್ಸು ಒಂದೇ ಇರುವ ಹಾಗೆ ತಿದ್ದಿಸಿ. ಹೊಲದಲ್ಲಿ ದುಡಿದು ಬೆರಳಿನ ಗೆರೆ ಸವೆದ ಹಿರಿಯರದು ಇನ್ನೊಂದು ಸಮಸ್ಯೆ: ಹೆಬ್ಬೆಟ್ಟು ಒತ್ತಿದರೆ ಯಂತ್ರ ಒಪ್ಪುವುದಿಲ್ಲ. ಅವರ ಬೆರಳಚ್ಚು ಮತ್ತು ಕಣ್ಣಿನ ಗುರುತನ್ನು ಆಧಾರ್ ಕೇಂದ್ರದಲ್ಲಿ ಹೊಸದಾಗಿ ಕೊಡಿಸಿ, ಮನೆಯವರ ಮೊಬೈಲ್ ನಂಬರ್ ಜೋಡಿಸಿಡಿ. ಬೆರಳು ಕೈಕೊಟ್ಟರೂ ಓಟಿಪಿಯಿಂದ ಕೆಲಸ ಆಗುತ್ತದೆ. ಮಕ್ಕಳ ಬೆರಳಚ್ಚನ್ನು 5ನೇ ವರ್ಷಕ್ಕೆ ಒಮ್ಮೆ, 15ನೇ ವರ್ಷಕ್ಕೆ ಇನ್ನೊಮ್ಮೆ ಕೊಡಲೇಬೇಕು.

ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂದು ಪಾಸ್‌ಬುಕ್ ಹಿಡಿದು ಬ್ಯಾಂಕಿನಲ್ಲೇ ಕೇಳಿ. ಕ್ಷಯರೋಗಿಯ ಪೌಷ್ಟಿಕ ಆಹಾರದ ಹಣ, ಬಾಣಂತಿಯ ಸಹಾಯಧನ ಎಲ್ಲ ಬರುವುದು ಆಧಾರ್ ಜೋಡಿಸಿದ ಖಾತೆಗೆ. ಎರಡು ಮೂರು ಖಾತೆ ಇದ್ದವರ ಹಣ ಮರೆತುಹೋದ ಹಳೆಯ ಖಾತೆಯಲ್ಲಿ ಬಿದ್ದಿರುವುದೂ ಉಂಟು.

ಇದೆಲ್ಲ ಆದ ಮೇಲೆ ಗಟ್ಟಿಯಾದ ಒಂದು ಪ್ಲಾಸ್ಟಿಕ್ ಫೈಲ್ ತೆಗೆದುಕೊಳ್ಳಿ. ರೇಷನ್ ಕಾರ್ಡ್, ಆಧಾರ್‌ಗಳ ತಲಾ ಮೂರು ಝೆರಾಕ್ಸ್, ಹಳೆಯ ಚೀಟಿಗಳು, ರಕ್ತದ ವರದಿ, ಎಕ್ಸ್‌ರೇ, ಡಿಸ್ಚಾರ್ಜ್ ಕಾಗದ ಎಲ್ಲ ಅದರಲ್ಲಿರಲಿ. ಹೊಸದು ಮೇಲೆ, ಹಳೆಯದು ಕೆಳಗೆ. ದಿನಾ ನುಂಗುವ ಗುಳಿಗಿಗಳ ಖಾಲಿ ಪಟ್ಟಿಯನ್ನೂ ಹಾಕಿಡಿ. 'ಒಂದು ಬಿಳೆ ಗುಳಿಗಿ, ಒಂದು ಕೆಂಪು ಗುಳಿಗಿ' ಎಂದರೆ ಯಾವ ಡಾಕ್ಟರಿಗೂ ಅರ್ಥವಾಗುವುದಿಲ್ಲ. ಯಾವುದಾದರೂ ಇಂಜೆಕ್ಷನ್, ಗುಳಿಗಿಯಿಂದ ಹಿಂದೆ ಮೈಮೇಲೆ ಗಂಧೆ ಎದ್ದಿದ್ದರೆ ಅದರ ಹೆಸರನ್ನು ಫೈಲಿನ ಒಳಮುಖದಲ್ಲಿ ದಪ್ಪಕ್ಷರದಲ್ಲಿ ಬರೆದಿಡಿ.

ಯಾವ ಬಾಗಿಲಿಗೆ ಮೊದಲು

ಜ್ವರ, ಕೆಮ್ಮು, ಬಿಪಿ, ಸಕ್ಕರೆ ಕಾಯಿಲೆಯ ತಿಂಗಳ ಗುಳಿಗಿ, ಗರ್ಭಿಣಿಯ ತಪಾಸಣೆ, ಮಕ್ಕಳ ಚುಚ್ಚುಮದ್ದು ಎಲ್ಲವೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ (ಪಿಎಚ್‌ಸಿ), ಇಲ್ಲವೇ ಊರಿನ ಉಪಕೇಂದ್ರದಲ್ಲಿ ಆಗುವ ಕೆಲಸ. ಉಪಕೇಂದ್ರಕ್ಕೆ ಈಗ ಆಯುಷ್ಮಾನ್ ಆರೋಗ್ಯ ಮಂದಿರ ಎಂಬ ಬೋರ್ಡ್ ಇರುತ್ತದೆ, ಒಳಗೆ ಸಮುದಾಯ ಆರೋಗ್ಯ ಅಧಿಕಾರಿ ಇರುತ್ತಾರೆ. ಹುಬ್ಬಳ್ಳಿ-ಧಾರವಾಡದ ಓಣಿಗಳಲ್ಲಿ ಇರುವವರಿಗೆ 2022ರ ಡಿಸೆಂಬರಿನಿಂದ 'ನಮ್ಮ ಕ್ಲಿನಿಕ್' ಎಂಬ ಸರಕಾರಿ ಕ್ಲಿನಿಕ್‌ಗಳಿವೆ. ಇಷ್ಟಕ್ಕೇ ಕಿಮ್ಸ್‌ಗೆ ಬಂದರೆ ಇಡೀ ದಿನ ಸರದಿಯಲ್ಲೇ ಕಳೆಯುತ್ತದೆ, ಒಂದು ದಿನದ ಕೂಲಿಯೂ ಹೋಗುತ್ತದೆ.

ಹರ್ನಿಯಾ, ಸಿಸೇರಿಯನ್, ಸಾಮಾನ್ಯ ಮೂಳೆ ಮುರಿತದಂಥವಕ್ಕೆ ತಾಲ್ಲೂಕು ಆಸ್ಪತ್ರೆ. ರೋಣ, ಮುಂಡರಗಿ, ರಾಣೆಬೆನ್ನೂರು, ಹಾನಗಲ್ಲ, ಕಲಘಟಗಿ, ಕುಂದಗೋಳದಂಥ ತಾಲ್ಲೂಕಿನವರು ಅಲ್ಲಿ ಒಮ್ಮೆ ತೋರಿಸಿಯೇ ಮುಂದೆ ಹೋಗುವುದು ಒಳ್ಳೆಯದು. ಹೋಗುವ ಮುನ್ನ ಫೋನ್ ಮಾಡಿ ಎರಡು ಮಾತು ಕೇಳಿಕೊಳ್ಳಿ: ಆ ತಜ್ಞರು ಇವತ್ತು ಇದ್ದಾರೆಯೇ, ಆಪರೇಷನ್ ಆಗಬೇಕಾದರೆ ಅರಿವಳಿಕೆ ವೈದ್ಯರು ಯಾವ ದಿನ ಬರುತ್ತಾರೆ. ಎರಡನೆಯದನ್ನು ಜನ ಕೇಳುವುದೇ ಇಲ್ಲ. ಸರ್ಜನ್ ಇದ್ದರೂ ಅರಿವಳಿಕೆ ಕೊಡುವವರು ಇಲ್ಲವೆಂದು ಆಪರೇಷನ್ ಮುಂದಕ್ಕೆ ಹೋಗುತ್ತದೆ. ನಂಬರ್ ಗೊತ್ತಿಲ್ಲದಿದ್ದರೆ ಊರಿನ ಆಶಾ ಅಕ್ಕಾರನ್ನು ಕೇಳಿ. ಆರೋಗ್ಯದ ಯಾವ ಮಾಹಿತಿ ಬೇಕಿದ್ದರೂ 104ಕ್ಕೆ ಕರೆ ಮಾಡಬಹುದು.

ಯೋಜನೆಯ ದಾರಿ: ಅಡ್ಮಿಟ್ ಆಗುವ ಮೊದಲು, ಆದ ಮೇಲೆ ಅಲ್ಲ

ಹೆಚ್ಚು ಕುಟುಂಬಗಳು ಸಾಲಕ್ಕೆ ಬೀಳುವುದು ಇಲ್ಲಿ. ಆದ್ದರಿಂದ ಈ ಭಾಗವನ್ನು ನಿಧಾನವಾಗಿ ಓದಿ.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ನಮ್ಮ ರಾಜ್ಯದಲ್ಲಿ 2018ರಿಂದ ನಡೆಯುತ್ತಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೂ ಪಾಲಿದೆ: ಸರಕಾರ ಗೊತ್ತುಮಾಡಿದ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷ ರೂಪಾಯಿವರೆಗೆ. 'ನಮ್ದು ಎಪಿಎಲ್, ನಮಗೇನೂ ಬರೂದಿಲ್ಲ' ಎಂದು ಕೇಳದೇ ಬಿಡುವವರು ಬಹಳ. ಗೊತ್ತಿಲ್ಲದೆ ಅಷ್ಟೂ ಹಣವನ್ನು ಕೈಯಿಂದ ಕಟ್ಟುತ್ತಾರೆ. ನೆನಪಿಡಿ, ಇದು ಹೊರರೋಗಿ ಚೀಟಿಗೆ, ಮೆಡಿಕಲ್ ಅಂಗಡಿಯ ಬಿಲ್ಲಿಗೆ ಸಿಗುವ ಹಣವಲ್ಲ. ಪಟ್ಟಿಯಲ್ಲಿರುವ ಚಿಕಿತ್ಸೆಗೆ, ಅದೂ ಜನರಲ್ ವಾರ್ಡಿನ ಲೆಕ್ಕದಲ್ಲಿ ಸಿಗುವ ಪ್ಯಾಕೇಜ್.

ಪಟ್ಟಿಯಲ್ಲಿ ಚಿಕಿತ್ಸೆಗಳನ್ನು ಬೇರೆ ಬೇರೆ ವಿಂಗಡಿಸಿದ್ದಾರೆ. ಸಾಧಾರಣ ಚಿಕಿತ್ಸೆಗಳು ಸರಕಾರಿ ಆಸ್ಪತ್ರೆಯಲ್ಲೇ ಆಗಬೇಕು. ಕಷ್ಟದ ಆಪರೇಷನ್, ಹೃದಯ, ಕಿಡ್ನಿ, ಕ್ಯಾನ್ಸರ್, ನರದ ಚಿಕಿತ್ಸೆಗಳಿಗೂ ಮೊದಲು ಸರಕಾರಿ ಆಸ್ಪತ್ರೆಗೇ ಹೋಗಬೇಕು. ಅಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ಅವರು ರೆಫರಲ್ ಕೊಡುತ್ತಾರೆ. ಅದನ್ನು ಹಿಡಿದು ಯೋಜನೆಗೆ ನೋಂದಾಯಿಸಿದ ಖಾಸಗಿ ಆಸ್ಪತ್ರೆಗೆ ಹೋಗಬಹುದು. ತುರ್ತು ಚಿಕಿತ್ಸೆಗಳೆಂದು ಬೇರೆಯೇ ಪಟ್ಟಿಯಿದೆ, ಅವಕ್ಕೆ ರೆಫರಲ್ ಬೇಡ.

ಹೋಗಬೇಕಾದ ಕ್ರಮ ಹೀಗೆ:

1. ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ, ಇಲ್ಲವೇ ಕಿಮ್ಸ್, ಜಿಮ್ಸ್‌ನಲ್ಲಿ ತಜ್ಞರಿಗೆ ತೋರಿಸಿ. ಚೀಟಿಯ ಮೇಲೆ ಕಾಯಿಲೆಯ ಹೆಸರು, ಬೇಕಾದ ಚಿಕಿತ್ಸೆಯ ಹೆಸರು ಎರಡನ್ನೂ ಬರೆಸಿಕೊಳ್ಳಿ.

2. ಅದೇ ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಎಂಬ ಸಿಬ್ಬಂದಿಯ ಕೌಂಟರ್ ಹುಡುಕಿ. ರೇಷನ್ ಕಾರ್ಡ್, ಆಧಾರ್ ಕೊಟ್ಟು ನಮ್ಮ ಭಾಷೆಯಲ್ಲೇ ನೇರವಾಗಿ ಕೇಳಿ: 'ಸರ, ಬಿಪಿಎಲ್ ಕಾರ್ಡ್ ಐತ್ರಿ. ಈ ಆಪರೇಷನ್ ಯೋಜನ್ಯಾಗ ಬರ್ತೈತೇನ್ರಿ? ಇಲ್ಲೇ ಆಗ್ತೈತೋ? ಆಗೂದಿಲ್ಲಂದ್ರ ರೆಫರಲ್ ಮಾಡಿ ಕೊಡ್ರಿ.'

3. ಇಲ್ಲಿ ಆಗುವುದಿಲ್ಲ ಎಂದರೆ ರೆಫರಲ್ ಅನ್ನು ಕಂಪ್ಯೂಟರಿನಲ್ಲಿ ಹಾಕುತ್ತಾರೆ. ಬಾಯಿಮಾತಿನಲ್ಲಿ 'ಹುಬ್ಬಳ್ಳಿಗೆ ಹೋಗಿ' ಎಂದದ್ದು, ಬಿಳಿ ಹಾಳೆಯಲ್ಲಿ ಗೀಚಿಕೊಟ್ಟದ್ದು ಯೋಜನೆಗೆ ನಡೆಯುವುದಿಲ್ಲ. ಮುದ್ರಿತ ಕಾಗದ ಕೈಗೆ ಬಂದ ಮೇಲೆ ರೋಗಿಯ ಹೆಸರು, ಕಾಯಿಲೆಯ ಹೆಸರು ಸರಿಯಾಗಿವೆಯೇ ಎಂದು ಅಲ್ಲೇ ನಿಂತು ಓದಿ.

4. ಖಾಸಗಿ ಆಸ್ಪತ್ರೆಗೆ ಕಾಲಿಡುವಾಗ ಬಿಲ್ಲಿಂಗ್ ಕೌಂಟರಿಗಿಂತ ಮೊದಲು ಅಲ್ಲಿಯ ಆರೋಗ್ಯ ಮಿತ್ರರನ್ನು ಕಾಣಿ. ಆಸ್ಪತ್ರೆ ನೋಂದಾಯಿತವಾದರೆ ಸಾಲದು, ನಿಮ್ಮ ಕಾಯಿಲೆಯ ವಿಭಾಗವೂ ನೋಂದಾಯಿತವಾಗಿರಬೇಕು. ಮೂಳೆಗೆ ಇರುವ ಒಪ್ಪಂದ ಹೃದಯಕ್ಕೆ ಇಲ್ಲದಿರಬಹುದು.

5. ಆಸ್ಪತ್ರೆಯವರು ಯೋಜನೆ ನಡೆಸುವ ಟ್ರಸ್ಟ್‌ನಿಂದ ಮುಂಗಡ ಒಪ್ಪಿಗೆ ತರಿಸುತ್ತಾರೆ. ಒಪ್ಪಿಗೆ ಬಂತೇ ಎಂದು ಕೇಳಿ, ಬಂದ ಮೇಲೆ ಆಪರೇಷನ್ ದಿನ ಗೊತ್ತುಮಾಡಿಸಿ.

ಎಡವಟ್ಟಾಗುವುದು ಎಲ್ಲಿ ಎಂದರೆ, ಮೊದಲ ಮೂರು ಹೆಜ್ಜೆ ಬಿಟ್ಟು ನೇರ ನಾಲ್ಕಕ್ಕೆ ಹೋಗುವುದರಲ್ಲಿ. ಊರಿನ ಪರಿಚಯದವರು ಒಂದು ಆಸ್ಪತ್ರೆಯ ಹೆಸರು ಹೇಳುತ್ತಾರೆ. ಮನೆಯವರು ಗಾಬರಿಯಲ್ಲಿ ಅಡ್ವಾನ್ಸ್ ಕಟ್ಟುತ್ತಾರೆ, ಮಾರನೇ ದಿನ ಕಾರ್ಡ್ ತೋರಿಸುತ್ತಾರೆ, ಆಗ ರೆಫರಲ್ ಎಲ್ಲಿ ಎಂಬ ಪ್ರಶ್ನೆ ಬರುತ್ತದೆ. ಹಾಸಿಗೆಯ ಮೇಲೆ ಇರುವ ರೋಗಿಯ ಸಲುವಾಗಿ ಮತ್ತೆ ಸರಕಾರಿ ಆಸ್ಪತ್ರೆಗೆ ಓಡಬೇಕು. ಬಿಲ್ ಕಟ್ಟಿ ಮನೆಗೆ ಬಂದ ಮೇಲೆ ಆ ಹಣವನ್ನು ಯೋಜನೆ ತಿರುಗಿ ಕೊಡುವುದಿಲ್ಲ, ಯಾಕೆಂದರೆ ಇದು ನಗದು ಹಿಂದಿರುಗಿಸುವ ವಿಮೆಯಲ್ಲ. ನಿಜವಾದ ತುರ್ತಿನಲ್ಲಿ ಹತ್ತಿರದ ನೋಂದಾಯಿತ ಆಸ್ಪತ್ರೆಗೆ ನೇರ ಹೋಗಿ, ಆದರೆ ರೋಗಿಯನ್ನು ಒಳಗೆ ಕಳಿಸಿದ ಕೂಡಲೇ ಒಬ್ಬರು ಆರೋಗ್ಯ ಮಿತ್ರರ ಹತ್ತಿರ ಹೋಗಿ 'ಇದು ಎಮರ್ಜೆನ್ಸಿ ಕೇಸ್, ಕಾರ್ಡ್ ಐತಿ' ಎಂದು ದಾಖಲು ಮಾಡಿಸಬೇಕು. ಯೋಜನೆಯಲ್ಲಿ ಅಡ್ಮಿಟ್ ಆದವರಿಗೆ 'ಈ ಔಷಧ ಹೊರಗಿಂದ ತನ್ನಿ' ಎಂದರೆ ಅದು ಪ್ಯಾಕೇಜಿನಲ್ಲಿ ಸೇರಿಲ್ಲವೇ ಎಂದು ಕೇಳಿ. ಉತ್ತರ ಸರಿಹೋಗದಿದ್ದರೆ 104 ಅಥವಾ 14555ಕ್ಕೆ ಅಲ್ಲಿಂದಲೇ ಕರೆ ಮಾಡಿ. ಹೊರಗೆ ಕೊಂಡದ್ದರ ಬಿಲ್ಲನ್ನು ಎಸೆಯಬೇಡಿ.

ಸೊಸೈಟಿ, ಹಾಲಿನ ಡೇರಿಯ ಸದಸ್ಯರಿಗೆ ಯಶಸ್ವಿನಿಯೂ ಇದೆ. ನಡುವೆ ನಿಂತುಹೋಗಿದ್ದ ಈ ಯೋಜನೆ 2022-23ರಲ್ಲಿ ಮತ್ತೆ ಶುರುವಾಯಿತು. ಗ್ರಾಮೀಣ ಕುಟುಂಬದ ನಾಲ್ವರಿಗೆ ವರ್ಷಕ್ಕೆ 500 ರೂಪಾಯಿ, ಮೇಲಿನ ಪ್ರತಿಯೊಬ್ಬರಿಗೆ 100 ರೂಪಾಯಿ ಎಂದು ಶುಲ್ಕ ಗೊತ್ತುಮಾಡಿದರು, ಚಿಕಿತ್ಸೆಯ ಮಿತಿ 5 ಲಕ್ಷ. ನೋಂದಣಿ ವರ್ಷದ ಕೆಲವೇ ತಿಂಗಳು ನಡೆಯುತ್ತದೆ. ಕಾಯಿಲೆ ಬಿದ್ದ ಮೇಲೆ ಹೋದರೆ ಸೇರಿಸಿಕೊಳ್ಳುವುದಿಲ್ಲ. ಬಿತ್ತನೆ ಬೀಜಕ್ಕೆಂದು ಸೊಸೈಟಿಗೆ ಹೋದಾಗಲೇ ಕಾರ್ಯದರ್ಶಿಯನ್ನು ಕೇಳಿಡಿ.

ದೊಡ್ಡಾಸ್ಪತ್ರೆಗೆ ಹೊರಡುವ ದಿನ

ಭಾನುವಾರ, ಸರಕಾರಿ ರಜೆಗೆ ಹೊರರೋಗಿ ವಿಭಾಗ ಇರುವುದಿಲ್ಲ, ತುರ್ತು ವಿಭಾಗ ಮಾತ್ರ ತೆರೆದಿರುತ್ತದೆ. ಸೋಮವಾರ, ಮತ್ತು ಹಬ್ಬದ ಮರುದಿನ ವಿಪರೀತ ಗದ್ದಲ. ಆಗುವುದಾದರೆ ಬುಧವಾರ, ಗುರುವಾರ ಆರಿಸಿ. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ ಪ್ರಯಾಣ ಉಚಿತ. ಎ.ಸಿ. ಬಸ್ಸಿಗೆ ಅದು ನಡೆಯುವುದಿಲ್ಲವಾದ್ದರಿಂದ ಧಾರವಾಡ-ಹುಬ್ಬಳ್ಳಿ ನಡುವೆ ಚಿಗರಿ ಬಸ್ ಹತ್ತುವವರು ಟಿಕೆಟ್ ಹಣ ಇಟ್ಟುಕೊಳ್ಳಿ. ಜೊತೆಗೆ ಹೋಗುವವರು ಮನೆಯ ಹೆಣ್ಣುಮಗಳಾದರೆ ಖರ್ಚು ಕಡಿಮೆ. ಓದು ಬರುವವರಾದರೆ ಇನ್ನೂ ಚೆನ್ನ. ಅಂಗವಿಕಲರ ಬಸ್ ಪಾಸ್ ಮನೆಯಿಂದ 100 ಕಿಲೊಮೀಟರ್‌ವರೆಗೆ ನಡೆಯುತ್ತದೆ, ಅಂದರೆ ಗದಗ, ಹಾವೇರಿಯವರು ಹುಬ್ಬಳ್ಳಿಗೆ ಬಂದು ಹೋಗಬಹುದು. ಕ್ಯಾನ್ಸರ್, ಕ್ಷಯ, ಡಯಾಲಿಸಿಸ್‌ನವರಿಗೆ ರೈಲಿನಲ್ಲಿ ರಿಯಾಯಿತಿ ಇದೆ. ಕ್ಯಾನ್ಸರ್ ರೋಗಿಗೆ ಸ್ಲೀಪರ್‌ನಲ್ಲಿ ಪೂರ್ತಿ ಮಾಫಿ, ಜೊತೆಗೆ ಬರುವ ಒಬ್ಬರಿಗೆ ಶೇ 75. ಅದಕ್ಕೆ ರೈಲ್ವೆಯ ನಮೂನೆಯಲ್ಲಿ ಆಸ್ಪತ್ರೆಯ ಸಹಿ, ಸೀಲು ಬೇಕು. ಹಿಂದಿನ ಭೇಟಿಯಲ್ಲೇ ಮಾಡಿಸಿಟ್ಟುಕೊಂಡರೆ ಮುಂದಿನ ಪ್ರಯಾಣಕ್ಕೆ ಒದಗುತ್ತದೆ.

ಖಾಲಿ ಹೊಟ್ಟೆಯಲ್ಲಿ ಹೊರಡಿ, ರೊಟ್ಟಿ ಡಬ್ಬಿ ಕೈಯಲ್ಲಿರಲಿ. ಸಕ್ಕರೆ ಪರೀಕ್ಷೆಗೆ ಒಂದು ಸಲ ಉಣ್ಣದೆ, ಇನ್ನೊಂದು ಸಲ ಉಂಡು ಎರಡು ತಾಸಿನ ಮೇಲೆ ರಕ್ತ ಕೊಡಬೇಕು. ಹೊಟ್ಟೆಯ ಸ್ಕ್ಯಾನಿಂಗಿಗೂ ಖಾಲಿ ಹೊಟ್ಟೆ ಬೇಕು. ಮುಂಡರಗಿಯಿಂದ ಉಂಡು ಬಂದವರಿಗೆ 'ನಾಳೆ ಬನ್ನಿ' ಎಂದರೆ ಇನ್ನೊಂದು ದಿನ ಹಾಳು. ಸಕ್ಕರೆ ಕಾಯಿಲೆಯವರು ಉಪವಾಸದಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳಬಾರದು, ಸಕ್ಕರೆಯ ಗುಳಿಗಿಯನ್ನೂ ನುಂಗಬಾರದು. ಜೊತೆಗೆ ತನ್ನಿ, ರಕ್ತ ಕೊಟ್ಟ ಮೇಲೆ ಊಟದ ಹೊತ್ತಿಗೆ ತೆಗೆದುಕೊಳ್ಳಿ. ತಲೆ ಸುತ್ತಿ ಬೆವರಿದರೆ ಪರೀಕ್ಷೆ ಬಿಟ್ಟು ತಕ್ಷಣ ಬೆಲ್ಲವೋ ಸಕ್ಕರೆಯೋ ಬಾಯಿಗೆ ಹಾಕಿಕೊಳ್ಳಿ. ಬಿಪಿ ಗುಳಿಗಿಯನ್ನು ಗುಟುಕು ನೀರಿನಲ್ಲಿ ಎಂದಿನಂತೆ ನುಂಗಬಹುದು.

ಮುಂಜಾನೆ ಎಂಟಕ್ಕೆಲ್ಲ ಚೀಟಿ ಕೌಂಟರ್ ಮುಂದೆ ಇರುವ ಹಾಗೆ ಬಸ್ ಹಿಡಿಯಿರಿ. 14 ಅಂಕಿಯ ಆಭಾ ನಂಬರ್ (ಆರೋಗ್ಯದ ಗುರುತಿನ ಸಂಖ್ಯೆ) ಮಾಡಿಸಿಕೊಂಡವರು ಮೊಬೈಲಿನಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ಟೋಕನ್ ಪಡೆಯುವ ವ್ಯವಸ್ಥೆ ಹಲವು ಸರಕಾರಿ ಆಸ್ಪತ್ರೆಗಳಲ್ಲಿದೆ. ಚೀಟಿಯ ಮೇಲೆ ವಿಭಾಗ ಮತ್ತು ಕೋಣೆ ನಂಬರ್ ಇರುತ್ತದೆ. ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ಪ್ರತಿ ವಿಭಾಗಕ್ಕೂ ಹಲವು ಯೂನಿಟ್‌ಗಳು, ಒಂದೊಂದು ಯೂನಿಟ್ಟಿಗೆ ವಾರದಲ್ಲಿ ಗೊತ್ತಾದ ದಿನಗಳು. ಈ ಒಂದು ವಿಷಯ ತಿಳಿದರೆ ಎಷ್ಟೋ ಅಲೆದಾಟ ತಪ್ಪುತ್ತದೆ. ಮೊದಲ ದಿನ ಯಾವ ಯೂನಿಟ್ ನೋಡಿತು, ಅದರ ದಿನ ಯಾವುದು ಎಂದು ನರ್ಸ್ ಹತ್ತಿರ ಕೇಳಿ ಚೀಟಿಯ ಮೇಲೇ ಬರೆಸಿಕೊಳ್ಳಿ. ಮುಂದಿನ ಸಲ ವಾರದ ಅದೇ ದಿನ ಬನ್ನಿ. ಬೇರೆ ದಿನ ಬಂದರೆ ಬೇರೆ ವೈದ್ಯರು ಮೊದಲಿನಿಂದ ಎಲ್ಲ ಕೇಳಿ ಅವೇ ಪರೀಕ್ಷೆಗಳನ್ನು ಮತ್ತೆ ಬರೆಯಬಹುದು.

ಡಾಕ್ಟರ್ ಮುಂದೆ ಸಿಗುವುದು ಕೆಲವೇ ನಿಮಿಷ. ಎಷ್ಟು ದಿನದಿಂದ, ಎಲ್ಲಿ ಬ್ಯಾನಿ, ಯಾವಾಗ ಹೆಚ್ಚು ಎಂಬ ಮೂರು ಮಾತು ಮೊದಲು ಹೇಳಿ. ಅಳಿಯನ ಕಡೆಯವರು ಏನು ಹೇಳಿದರು, ಹೋದ ವರ್ಷ ಯಾರಿಗೆ ತೋರಿಸಿದೆವು ಎನ್ನುವುದು ಆಮೇಲೆ. ಏಳುವ ಮೊದಲು ಕೇಳಿ: ಯಾವ ಗುಳಿಗಿ ಎಷ್ಟು ದಿನ, ಮತ್ತೆ ಯಾವಾಗ ಬರಬೇಕು, ಏನಾದರೆ ತಡಮಾಡದೆ ಬರಬೇಕು. ತಾಂಡಾದಿಂದ ಬಂದ ಲಂಬಾಣಿ ಹಿರಿಯರಿಗೆ, ಉರ್ದು ಮಾತ್ರ ಬರುವ ಅಜ್ಜಿಗೆ ಮಾತು ತಿಳಿಸಿ ಹೇಳಲು ಮನೆಯ ದೊಡ್ಡವರೊಬ್ಬರು ಇರಲೇಬೇಕು. ಹತ್ತು ವರ್ಷದ ಮೊಮ್ಮಗನ ಮುಂದೆ ಅಜ್ಜಿ ತನ್ನ ಬ್ಯಾನಿಯನ್ನು ಬಿಚ್ಚಿ ಹೇಳುವುದಿಲ್ಲ.

ಗಡಿಯಾರ ನೋಡಬೇಕಾದ ಕಾಯಿಲೆಗಳು

ಮೇಲೆ ಹೇಳಿದ ಕ್ರಮ ಇವುಗಳಿಗೆ ಅನ್ವಯಿಸುವುದಿಲ್ಲ. ಫೈಲು, ಕಾರ್ಡು ಹಿಂದಿನಿಂದ ಬರಲಿ.

ಹಾವು ಕಚ್ಚಿದರೆ ಕಚ್ಚಿದ ಹೊತ್ತು ನೋಡಿಕೊಳ್ಳಿ, ಆ ಅಂಗ ಅಲ್ಲಾಡದಂತೆ ಇಡಿ, ಉಂಗುರ, ಬಳೆ, ಕಾಲ್ಗಡಗ ತೆಗೆಯಿರಿ. ಬಿಗಿಯಾಗಿ ಹಗ್ಗ ಕಟ್ಟಬೇಡಿ, ಕೊಯ್ಯಬೇಡಿ, ಹಾವು ಹಿಡಿಯಲು ಹೋಗಬೇಡಿ. ಮಂತ್ರ ಹಾಕಿಸಲು ಹೋದ ಒಂದು ತಾಸಿನಲ್ಲಿ ವಿಷ ಮೈಗೆ ಏರಿರುತ್ತದೆ. ವಿಷನಿರೋಧಕ ಚುಚ್ಚುಮದ್ದು ಸಿಗುವುದು ಆಸ್ಪತ್ರೆಯಲ್ಲಿ ಮಾತ್ರ, ಸಾಮಾನ್ಯವಾಗಿ 8ರಿಂದ 10 ವಯಲ್‌ನಿಂದ ಶುರುಮಾಡುತ್ತಾರೆ. ರಕ್ತವನ್ನು ಗಾಜಿನ ನಳಿಕೆಯಲ್ಲಿ 20 ನಿಮಿಷ ಇಟ್ಟು ಹೆಪ್ಪುಗಟ್ಟುವುದೇ ಎಂದು ನೋಡುತ್ತಾರೆ. ಆ ಹೊತ್ತು 'ಸುಮ್ಮನೆ ಕೂರಿಸಿದರು' ಎಂದು ಸಿಟ್ಟಾಗಿ ರೋಗಿಯನ್ನು ಎಬ್ಬಿಸಿಕೊಂಡು ಹೋಗಬೇಡಿ. ಮುಂಗಾರಿಗೆ ಮೊದಲೇ ನಿಮ್ಮ ಪಿಎಚ್‌ಸಿಯಲ್ಲಿ ಈ ಮದ್ದಿನ ದಾಸ್ತಾನು ಇದೆಯೇ, ಇಲ್ಲದಿದ್ದರೆ ಹತ್ತಿರ ಎಲ್ಲಿದೆ ಎಂದು ಗ್ರಾಮ ಪಂಚಾಯಿತಿ ಸದಸ್ಯರು ಕೇಳಿ ತಿಳಿದು ಊರಿಗೆ ಹೇಳಬೇಕು. 2024ರ ಫೆಬ್ರುವರಿಯಿಂದ ಕರ್ನಾಟಕದಲ್ಲಿ ಪ್ರತಿ ಹಾವು ಕಡಿತವನ್ನೂ ಆಸ್ಪತ್ರೆಗಳು ಸರಕಾರಕ್ಕೆ ವರದಿ ಮಾಡಲೇಬೇಕು.

ಎದೆ ಹಿಂಡಿದಂತಾಗಿ ಎಡಗೈಗೆ, ದವಡೆಗೆ ನೋವು ಹರಿದು ಬೆವರಿದರೆ ಅದನ್ನು ಗ್ಯಾಸ್ ಎಂದುಕೊಂಡು ರಾತ್ರಿ ಕಳೆಯಬೇಡಿ. ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ ಮೊದಲು ಇಸಿಜಿ ಮಾಡಿಸಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಗೆ ಸೇರಿದ ಸರಕಾರಿ ಆಸ್ಪತ್ರೆಗಳಲ್ಲಿ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತ. ಅಲ್ಲಿ ಅದನ್ನು ಕೊಡಿಸಿ ಮುಂದೆ ಹುಬ್ಬಳ್ಳಿಗೆ ಹೋಗುವುದು, ಇಂಜೆಕ್ಷನ್ ಇಲ್ಲದೆ 70 ಕಿಲೊಮೀಟರ್ ಓಡುವುದಕ್ಕಿಂತ ಜೀವಕ್ಕೆ ಸುರಕ್ಷಿತ. ಮುಖ ಸೊಟ್ಟಗಾಗುವುದು, ಕೈ ಬೀಳುವುದು, ಮಾತು ತೊದಲುವುದು ಪಾರ್ಶ್ವವಾಯುವಿನ ಗುರುತು. ಅದಕ್ಕೆ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಯೇ ಆಗಬೇಕು, ಶುರುವಾದ ನಾಲ್ಕೂವರೆ ತಾಸಿನೊಳಗೆ. ಕೈಕಾಲಿಗೆ ನಾಟಿ ಎಣ್ಣೆ ತಿಕ್ಕುತ್ತ ಕೂತರೆ ಆ ಹೊತ್ತು ಮುಗಿದುಹೋಗುತ್ತದೆ.

108ಕ್ಕೆ ಕರೆ ಮಾಡುವವರು ಊರು, ತಾಲ್ಲೂಕು, ಗುರುತಿನ ಜಾಗ ಹೇಳಿ. ಎರಡು ತಾಲ್ಲೂಕಿನಲ್ಲಿ ಒಂದೇ ಹೆಸರಿನ ಊರು ಇರುವುದರಿಂದ ತಾಲ್ಲೂಕಿನ ಹೆಸರು ಮುಖ್ಯ. 'ದುರ್ಗವ್ವನ ಗುಡಿ ಮುಂದ' ಎಂದರೆ ಊರವರಿಗೆ ಗೊತ್ತು, ಚಾಲಕನಿಗೆ ಗೊತ್ತಿಲ್ಲ. ಒಬ್ಬರನ್ನು ಡಾಂಬರು ರಸ್ತೆಗೆ ಬ್ಯಾಟರಿ ಹಿಡಿದು ಕಳಿಸಿ. ಕರೆ ಮಾಡಿದ ಫೋನಿನಲ್ಲಿ ಬೇರೆಯವರ ಜೊತೆ ಮಾತಾಡುತ್ತ ಇರಬೇಡಿ, ಚಾಲಕ ತಿರುಗಿ ಅದಕ್ಕೇ ಮಾಡುತ್ತಾನೆ.

ಹೆರಿಗೆಯ ಮಾತು ಬೇರೆ, ಅದರ ದಿನ ಮೊದಲೇ ಗೊತ್ತಿರುತ್ತದೆ. ಬೆಣ್ಣಿಹಳ್ಳ, ಮಲಪ್ರಭೆ ಉಕ್ಕಿದರೆ ನವಲಗುಂದ, ನರಗುಂದ, ರೋಣ ಭಾಗದ ಹಲವು ಊರುಗಳ ದಾರಿ ಮುಚ್ಚುತ್ತದೆ. ಎರೆ ಹೊಲದ ರಸ್ತೆಯಲ್ಲಿ ಮಳೆಗಾಲದಲ್ಲಿ ಗಾಡಿ ಹೂತುಹೋಗುತ್ತದೆ. ಆ ತಿಂಗಳುಗಳಲ್ಲಿ ದಿನ ತುಂಬುವ ಗರ್ಭಿಣಿಯನ್ನು ಒಂದು ವಾರ ಮೊದಲೇ ತಾಲ್ಲೂಕು ಊರಿನ ನೆಂಟರ ಮನೆಗೆ ಕಳಿಸಿ. ತಾಯಿ ಕಾರ್ಡ್ ಕೈಯಲ್ಲೇ ಇರಲಿ. ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆ ನಡೆಯುತ್ತದೆ. ಅಲ್ಲಿ ಬಿಪಿ ಹೆಚ್ಚಿದೆ, ರಕ್ತ ಕಡಿಮೆಯಿದೆ ಎಂದು ಗುರುತು ಹಾಕಿದವರು ಪಿಎಚ್‌ಸಿಯಲ್ಲಿ ಹೆರಿಗೆಗೆ ಕಾಯದೆ ದೊಡ್ಡ ಆಸ್ಪತ್ರೆಯನ್ನೇ ಗೊತ್ತುಮಾಡಬೇಕು. ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಊಟ, ಹೋಗಿಬರುವ ಗಾಡಿ ಎಲ್ಲ ಉಚಿತ. ಕೂಸಿಗೆ ಒಂದು ವರ್ಷದವರೆಗೂ ಅಲ್ಲಿ ಚಿಕಿತ್ಸೆ ಉಚಿತ. ಮನೆಗೆ ಬಿಡಲು ನಗು-ಮಗು ವಾಹನವಿದೆ, ಡಿಸ್ಚಾರ್ಜಿನ ಹಿಂದಿನ ದಿನವೇ ಹೇಳಿಡಿ.

ಮನೆಯೊಳಗಿನ ತಡೆ

ಮನೆಯ ಗಂಡಸಿಗೆ ಜ್ವರ ಬಂದರೆ ಮರುದಿನ ದವಾಖಾನಿ, ಹೆಣ್ಣುಮಗಳ ಬಿಳಿಸೆರಗು, ಅತಿಯಾದ ಮುಟ್ಟು, ಎದೆಯ ಗಂಟು ವರ್ಷಗಟ್ಟಲೆ ಸೆರಗಿನೊಳಗೆ. ಮೆಣಸಿನಕಾಯಿ ಬಿಡಿಸುವ ಸುಗ್ಗಿ ಮುಗಿಯಲಿ, ಜಾತ್ರೆ ಆಗಲಿ ಎಂದು ದಿನ ಮುಂದೆ ಹೋಗುತ್ತದೆ. ಇದು ಬದಲಾಗಬೇಕು, ಮನೆಯ ಗಂಡಸರೇ ಇದನ್ನು ಬದಲಿಸಬೇಕು. ಎದೆಯ ಗಂಟಿಗೆ ನೋವಿಲ್ಲ ಎಂದು ಬಿಡಬೇಡಿ. ನೋವಿಲ್ಲದ ಗಂಟನ್ನೇ ಮೊದಲು ಪರೀಕ್ಷಿಸಬೇಕು. ಇನ್ನೊಂದು ಎಚ್ಚರ: ಬಿಳಿಸೆರಗಿಗೋ ಹೊಟ್ಟೆನೋವಿಗೋ ತೋರಿಸಲು ಹೋದಾಗ 'ಗರ್ಭಕೋಶ ತೆಗೆಸಿಬಿಡಿ, ಇಲ್ಲದಿದ್ದರೆ ಕ್ಯಾನ್ಸರ್ ಆಗುತ್ತದೆ' ಎಂದರೆ ಅವತ್ತೇ ಒಪ್ಪಬೇಡಿ. ಸ್ಕ್ಯಾನಿಂಗ್ ವರದಿ ಹಿಡಿದು ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ಇನ್ನೊಬ್ಬ ವೈದ್ಯರನ್ನು ಕೇಳಿ. ಚಿಕ್ಕ ವಯಸ್ಸಿನಲ್ಲಿ ಅದನ್ನು ತೆಗೆಸಿದವರಿಗೆ ಮುಂದೆ ಎಲುಬಿನ ಸವೆತ ಬೇಗ ಬರಬಹುದು.

ಮನಸ್ಸಿನ ಕಾಯಿಲೆಗೆ ದೇವರ ಹರಕೆ ಹೊರುವವರು ಹೊರಲಿ, ಅದರ ಜೊತೆಗೇ ಡಾಕ್ಟರಿಗೂ ತೋರಿಸಲಿ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ, ಯಾವ ಮಂಗಳವಾರ ಎಂದು ಕೇಳಿಕೊಂಡು ಹೋಗಿ. ಊರವರು ನೋಡುತ್ತಾರೆಂಬ ಅಂಜಿಕೆ ಇದ್ದವರು 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ ಯಾವಾಗ ಬೇಕಾದರೂ.

ತಿಂಗಳ ಗುಳಿಗಿ ತಪ್ಪದಿರಲು

ಬಿಪಿ, ಸಕ್ಕರೆಯವರು ಆರಾಮ ಅನ್ನಿಸಿದ ಕೂಡಲೇ ಗುಳಿಗಿ ಬಿಡುತ್ತಾರೆ. ಆರಾಮ ಅನ್ನಿಸುತ್ತಿರುವುದು ಗುಳಿಗಿ ನುಂಗುತ್ತಿರುವುದರಿಂದಲೇ. ಉಪಕೇಂದ್ರ ಅಥವಾ ಪಿಎಚ್‌ಸಿಯಲ್ಲಿ ಹತ್ತು ದಿನದ್ದು ಕೊಟ್ಟರೆ 30 ದಿನದ್ದು ಕೇಳಿ. ಕೂಲಿ ಬಿಟ್ಟು ತಿಂಗಳಿಗೆ ಮೂರು ಸಲ ಯಾರೂ ಬರಲಾರರು. ಪಟ್ಟಿಯಲ್ಲಿ ಐದು ದಿನದ ಗುಳಿಗಿ ಉಳಿದಿರುವಾಗಲೇ ಹೋಗಿ. ಅವತ್ತು ದಾಸ್ತಾನು ಇಲ್ಲದಿದ್ದರೂ ಇನ್ನೊಮ್ಮೆ ಹೋಗಲು ದಿನ ಸಿಗುತ್ತದೆ. ಸಂತೆಯ ದಿನಕ್ಕೆ ಹೊಂದಿಸಿಕೊಂಡರೆ ಮರೆಯುವುದಿಲ್ಲ.

ಕ್ಷಯಕ್ಕೆ ಔಷಧ ಉಚಿತ, ಸಾಮಾನ್ಯವಾಗಿ ಆರು ತಿಂಗಳು. 2024ರ ನವೆಂಬರಿನಿಂದ ತಿಂಗಳಿಗೆ 1000 ರೂಪಾಯಿ ಆಹಾರಕ್ಕೂ ಬರುತ್ತದೆ. ಡಯಾಲಿಸಿಸ್ ವಾರಕ್ಕೆ ಎರಡು ಮೂರು ಸಲ, ವರ್ಷಗಟ್ಟಲೆ. ಆದ್ದರಿಂದ ಹುಬ್ಬಳ್ಳಿಯಲ್ಲಿ ಶುರುಮಾಡಿದವರು ತಮ್ಮ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಯಂತ್ರದಲ್ಲಿ ಜಾಗ ಕೇಳಿ ಹೆಸರು ಬರೆಸಬೇಕು. ಕಾಯುವ ಪಟ್ಟಿ ಇರುತ್ತದೆ, ಬೇಗ ಬರೆಸಿದಷ್ಟೂ ಒಳ್ಳೆಯದು.

'ಇಲ್ಲ' ಎಂದಾಗ

ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದು, 2017ರಲ್ಲಿ ತಿದ್ದುಪಡಿಯಾಗಿದೆ. ತುರ್ತು ರೋಗಿಗೆ ಅಡ್ವಾನ್ಸ್ ಕಟ್ಟದೆ ಕೈ ಹಚ್ಚುವುದಿಲ್ಲ ಎನ್ನುವಂತಿಲ್ಲ. ದರಪಟ್ಟಿ ಕಾಣುವಂತೆ ಹಾಕಿರಬೇಕು. ಬಾಕಿಯಿದೆ ಎಂದು ಹೆಣವನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ. ದೂರು ಕೇಳಲು ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರವಿದೆ. ರಸ್ತೆ ಅಪಘಾತದ ಗಾಯಾಳುವಿಗೆ 2025ರ ಮೇ ತಿಂಗಳ ಕೇಂದ್ರದ ಯೋಜನೆಯಲ್ಲಿ ಏಳು ದಿನ, 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಇದೆ. ಅದಕ್ಕೆ ಪೊಲೀಸರಿಗೆ ತಿಳಿಸಿರಬೇಕು. ಗಾಯಾಳುವನ್ನು ತಂದವರನ್ನು ಕೇಸಿನಲ್ಲಿ ಸಿಕ್ಕಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯೇ ಹೇಳುತ್ತದೆ, ಆದ್ದರಿಂದ ಅಂಜದೆ ಎತ್ತಿಕೊಂಡು ಹೋಗಿ.

ಸರಕಾರಿ ಆಸ್ಪತ್ರೆಯಲ್ಲಿ ಹಣ ಕೇಳಿದರೆ, ಸುಮ್ಮಸುಮ್ಮನೆ ತಿರುಗಾಡಿಸಿದರೆ ಮೊದಲು ಆಸ್ಪತ್ರೆಯ ಅಧೀಕ್ಷಕರನ್ನು ಕಾಣಿ. ಅಲ್ಲಿ ಆಗದಿದ್ದರೆ ಜಿಲ್ಲಾ ಆರೋಗ್ಯಾಧಿಕಾರಿ, ಇಲ್ಲವೇ 1902 ಜನಸ್ಪಂದನ ಸಹಾಯವಾಣಿ. ಲಂಚದ ಮಾತಾದರೆ ಜಿಲ್ಲೆಯ ಲೋಕಾಯುಕ್ತ ಕಚೇರಿ. ಕೌಂಟರ್ ಮುಂದೆ ಜಗಳ ತೆಗೆದರೆ ರೋಗಿಗೇ ತೊಂದರೆ. ನರ್ಸ್, ಡಿ ದರ್ಜೆ ನೌಕರರು ತಾವು ಮಾಡದ ತಪ್ಪಿಗೆ ಬೈಸಿಕೊಳ್ಳುತ್ತಾರೆ. ಒಂದು ಹಾಳೆಯಲ್ಲಿ ತಾರೀಖು, ಹೊತ್ತು, ವಿಭಾಗ, ಚೀಟಿಯ ನಂಬರ್, ಏನು ಕೇಳಿದಿರಿ, ಏನು ಉತ್ತರ ಬಂತು ಎಂದು ಬರೆಯಿರಿ. ಬರೆಯಲು ಬಾರದಿದ್ದರೆ ಬಂದ ಹುಡುಗರಲ್ಲಿ ಯಾರಿಂದಾದರೂ ಬರೆಸಿ. ಎರಡು ಪ್ರತಿ ಮಾಡಿ, ಒಂದನ್ನು ಕಚೇರಿಯಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಸೀಲು, ಸಹಿ, ತಾರೀಖು ಹಾಕಿಸಿಕೊಂಡೇ ಹೊರಗೆ ಬನ್ನಿ.